ಧ್ರುವಪ್ರಭೆಯನ್ನು ಓದಲು ಬಾರದ ನಾವು

'ಬೆರಗು' ಎಂಬ ಪದದ ಬಗ್ಗೆ ನನಗೊಂದು ತಕರಾರಿದೆ. ಪದ ಚೆನ್ನಾಗಿದೆ. ವಚನಕಾರರ ಕಾಲದಿಂದಲೂ ಅದಕ್ಕೊಂದು ತೂಕವಿದೆ. ಆದರೆ ಈಚಿನ ವರ್ಷಗಳಲ್ಲಿ ಸಾಹಿತ್ಯ ಓದುವ, ಬರೆಯುವ ನಾವು ಅದನ್ನು ಕೈ ತೊಳೆದುಕೊಳ್ಳುವ ನೀರಿನ ಹಾಗೆ ಬಳಸುತ್ತಿದ್ದೇವೆ. ಅರ್ಥವಾಗದ್ದು, ಅರ್ಥ ಮಾಡಿಕೊಳ್ಳಲು ಮನಸ್ಸಿಲ್ಲದ್ದು ಏನೇ ಎದುರಾದರೂ 'ಎಂಥ ಬೆರಗು!' ಎಂದು ಉದ್ಗರಿಸಿ ಮುಂದಿನದಕ್ಕೆ ಹೋಗುತ್ತೇವೆ. ಈ ಬರಹ ಆ ಚಾಳಿಯ ವಿರುದ್ಧ. ಉದಾಹರಣೆಗೆ ನಾನು ಆರಿಸಿಕೊಂಡಿರುವುದು ಉಪಗ್ರಹಗಳು ಬಾಹ್ಯಾಕಾಶದಿಂದ ತೆಗೆದ ಧ್ರುವಪ್ರಭೆಯ ಚಿತ್ರಗಳನ್ನು. ನಾವು ಇಷ್ಟೊಂದು ಹಂಚಿಕೊಂಡು, ಇಷ್ಟು ಕಡಿಮೆ ನೋಡಿದ ಚಿತ್ರಗಳು ಬೇರೆ ಇರಲಾರವು.

2024ರ ಮೇ 10ರಂದು ಸೂರ್ಯನಿಂದ ಹೊರಟ ಬಿರುಗಾಳಿಯೊಂದು ಭೂಮಿಗೆ ಬಡಿಯಿತು. ಭೂಕಾಂತ ಬಿರುಗಾಳಿಗಳನ್ನು ಅಳೆಯಲು ಅಮೆರಿಕದ ತಜ್ಞರು ಮಾಡಿಕೊಂಡಿರುವ ಐದು ದರ್ಜೆಗಳಲ್ಲಿ ಕೊನೆಯ ದರ್ಜೆಯನ್ನು ಮುಟ್ಟಿದ ಬಿರುಗಾಳಿ 2003ರ ಅಕ್ಟೋಬರ್ ನಂತರ ಅದೇ ಮೊದಲು. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ಲಡಾಖಿನ ಹಾನ್ಲೆಯಲ್ಲಿ ನಡೆಸುವ ವೀಕ್ಷಣಾಲಯದ ಕ್ಯಾಮೆರಾದಲ್ಲಿ ಆ ರಾತ್ರಿ ಬಾನಂಚಿನ ಕೆಂಪು ದಾಖಲಾಯಿತು. ಮರುದಿನ ಬೆಳಿಗ್ಗೆ ನನ್ನ ಫೋನಿನ ಗುಂಪುಗಳಲ್ಲೆಲ್ಲ ಅದೇ ಸುದ್ದಿ. ಹಾನ್ಲೆಯ ಕೆಂಪು, ನಾರ್ವೆಯ ಹಸಿರು, ಬಾಹ್ಯಾಕಾಶ ನಿಲ್ದಾಣದಿಂದ ತೆಗೆದ ವಿಡಿಯೊ, ಯಾವುದೋ ವರ್ಷದ ಯಾವುದೋ ಉಪಗ್ರಹದ ಉಂಗುರ, ಕಂಪ್ಯೂಟರ್ ಬರೆದ ಕಲ್ಪಿತ ದೃಶ್ಯ, ಎಲ್ಲವೂ ಒಂದೇ ಸಾಲಿನಲ್ಲಿ, ಒಂದೇ ಶೀರ್ಷಿಕೆಯಡಿ. ಯಾವುದು ಎಲ್ಲಿಂದ, ಯಾವ ಕಣ್ಣಿಗೆ ಕಂಡದ್ದು ಎಂದು ಕೇಳಿದವರು ನನಗೆ ಸಿಗಲಿಲ್ಲ.

ಪ್ರತಿಕ್ರಿಯೆಗಳಲ್ಲಿ ಎರಡು ಬಗೆ ಇದ್ದವು. ಒಂದು, ಕೈಮುಗಿಯುವ ಬಗೆ: ನಾಸಾ ಕಳಿಸಿದ ಚಿತ್ರ ಎಂದ ಮೇಲೆ ಮುಗಿಯಿತು, ಅದರ ಮುಂದೆ ಮಾತಿಲ್ಲ. ಇನ್ನೊಂದು, ಮುಖ ತಿರುಗಿಸುವ ಬಗೆ. ಇದು ಸಾಹಿತ್ಯ ವಲಯದಲ್ಲಿ ಹೆಚ್ಚು ಗೌರವಸ್ಥ ಬಗೆ. ಕೆಲವು ತಿಂಗಳ ಬಳಿಕ ಒಂದು ವಿಚಾರಸಂಕಿರಣದಲ್ಲಿ ಹಿರಿಯರೊಬ್ಬರು ಇದೇ ವಾದವನ್ನು ಸೊಗಸಾಗಿ ಮಂಡಿಸಿದರು: ಧ್ರುವದ ಬಳಿಯ ಜನ ಆ ಬೆಳಕಿನಲ್ಲಿ ಪೂರ್ವಜರನ್ನು ಕಂಡಿದ್ದರು, ಉಪಗ್ರಹ ಬಂದು ಅದನ್ನು ಅಂಕಿಅಂಶವಾಗಿಸಿತು, ಮೇಲಿನಿಂದ ನೋಡುವ ಕಣ್ಣು ಆಳುವವರ ಕಣ್ಣು. ಸಭೆ ಚಪ್ಪಾಳೆ ತಟ್ಟಿತು. ನನಗೆ ಕೈ ಎತ್ತಲು ಮನಸ್ಸಾಗಲಿಲ್ಲ. ಕೈಮುಗಿದವರೂ ಮುಖ ತಿರುಗಿಸಿದವರೂ ಒಂದು ವಿಷಯದಲ್ಲಿ ಒಂದೇ ಎಂದು ಆಗ ಅನಿಸಿತ್ತು. ಇಬ್ಬರೂ ಚಿತ್ರವನ್ನು ನೋಡಿಲ್ಲ.

ನನ್ನ ವಾದ ಇಷ್ಟು. ಉಪಗ್ರಹ ಕಳಿಸುವ ಧ್ರುವಪ್ರಭೆಯ ಚಿತ್ರ ಒಂದು ಪಠ್ಯ. ಅದಕ್ಕೆ ವ್ಯಾಕರಣವಿದೆ, ಸಂಪಾದಕರಿದ್ದಾರೆ, ಪಾಠಾಂತರವಿದೆ, ಲಿಪಿಕಾರನ ದೋಷವೂ ಇದೆ. ಅದನ್ನು ಓದಬೇಕು. ಓದುವುದೇ ನಮ್ಮ ಕಸುಬು ಎಂದು ಹೇಳಿಕೊಳ್ಳುವ ನಾವು ಇದೊಂದರ ಮುಂದೆ ನಿರಕ್ಷರಿಗಳಾಗಿ ಕುಳಿತಿದ್ದೇವೆ. ಸಾಲದ್ದಕ್ಕೆ ಆ ನಿರಕ್ಷರತೆಯನ್ನು ಸಂವೇದನೆ ಎಂದು ಕರೆದುಕೊಳ್ಳುತ್ತಿದ್ದೇವೆ.

ಒಂದು ಚಿತ್ರವನ್ನೇ ತೆಗೆದುಕೊಳ್ಳೋಣ. ನೀವೂ ಅದನ್ನು ನೋಡಿಯೇ ಇರುತ್ತೀರಿ. ಭೂಮಿಯ ಗೋಳ, ಕೆಳಗೆ ಅಂಟಾರ್ಕ್ಟಿಕಾ, ಅದರ ಸುತ್ತ ಹೊಳೆಯುವ ಪೂರ್ತಿ ಉಂಗುರ. ನಾಸಾದ 'ಇಮೇಜ್' ಎಂಬ ಉಪಗ್ರಹ 2005ರ ಸೆಪ್ಟೆಂಬರ್ 11ರಂದು ಕಂಡ ದಕ್ಷಿಣ ಧ್ರುವಪ್ರಭೆ ಅದು. ಉಂಗುರ ನಿಜ. ಆದರೆ ಕೆಳಗಿರುವ ಭೂಮಿ ಆ ದಿನದ್ದಲ್ಲ. ಅದು 'ಬ್ಲೂ ಮಾರ್ಬಲ್' ಎಂಬ ಹೆಸರಿನಲ್ಲಿ ಬೇರೊಂದು ಉಪಗ್ರಹದ ಅನೇಕ ದಿನಗಳ ಚಿತ್ರಗಳನ್ನು ಹೊಲಿದು ಮಾಡಿದ ಭೂಮಿ. ಉಂಗುರವನ್ನು ಅದರ ಮೇಲೆ ಕಂಪ್ಯೂಟರಿನಲ್ಲಿ ಕೂರಿಸಲಾಗಿದೆ. ಉಂಗುರದ ಬಣ್ಣವೂ ಕೊಟ್ಟ ಬಣ್ಣ. ಉಪಗ್ರಹದ ಕ್ಯಾಮೆರಾ ಹಿಡಿದದ್ದು ನೇರಳಾತೀತ ಬೆಳಕನ್ನು, ಅಂದರೆ ಮನುಷ್ಯನ ಕಣ್ಣಿಗೆ ಬಣ್ಣವೇ ಇಲ್ಲದ ಬೆಳಕನ್ನು. ಅದರಲ್ಲಿ ಇದ್ದದ್ದು ಹೆಚ್ಚು, ಕಡಿಮೆ ಎಂಬ ಅಳತೆ ಮಾತ್ರ. ಹೆಚ್ಚಿಗೆ ಯಾವ ಬಣ್ಣ, ಕಡಿಮೆಗೆ ಯಾವ ಬಣ್ಣ ಎಂದು ಮೇಜಿನ ಮುಂದೆ ಕುಳಿತ ಯಾರೋ ತೀರ್ಮಾನಿಸಿದ್ದಾರೆ. ಹಗಲಿನ ಭೂಮಿಯ ಮೇಲೆ ಧ್ರುವಪ್ರಭೆ ಹಾಗೆ ಹೊಳೆಯುವುದನ್ನು ಅಲ್ಲಿಗೇ ಹೋಗಿ ಕಿಟಕಿಯಿಂದ ನೋಡಿದರೂ ನೀವು ಕಾಣಲಾರಿರಿ.

ಹಾಗಾದರೆ ಅದು ಸುಳ್ಳೇ? ಈ ಪ್ರಶ್ನೆಗೆ ಹೌದು ಎನ್ನುವವರನ್ನು ನಾನು ಕೇಳುವುದಿಷ್ಟು: ನೀವು ಓದುವ ಪಂಪಭಾರತ ಪಂಪನ ಕೈಬರಹವೇ? ಓಲೆಗರಿಗಳನ್ನು ಹೋಲಿಸಿ, ಪದ ಬಿಡಿಸಿ, ಅಲ್ಪವಿರಾಮ ಹಾಕಿ, ಹುಳು ತಿಂದ ಜಾಗಕ್ಕೆ ಊಹಿಸಿ ಕೊಟ್ಟ ಪಾಠ ಅದು. ಹಾಗೆಂದು ಅದು ಸುಳ್ಳಾಗಲಿಲ್ಲ. ಆದರೆ ಸಂಪಾದಕನ ಮುನ್ನುಡಿಯನ್ನೂ ಅಡಿಟಿಪ್ಪಣಿಯನ್ನೂ ಓದದೆ ಪ್ರಬಂಧ ಬರೆದ ವಿದ್ಯಾರ್ಥಿಯನ್ನು ನಾವು ಸುಮ್ಮನೆ ಬಿಡುವುದಿಲ್ಲ. ಉಪಗ್ರಹದ ಚಿತ್ರಕ್ಕೂ ಅಂಥದೇ ಮುನ್ನುಡಿ ಇರುತ್ತದೆ. ಯಾವ ತರಂಗಾಂತರ, ಎಷ್ಟು ಎತ್ತರದಿಂದ, ಎಷ್ಟು ಹೊತ್ತಿನಲ್ಲಿ ತೆಗೆದದ್ದು ಎಂದು ಅಲ್ಲಿ ಬರೆದಿರುತ್ತದೆ. ನಾವು ಹಂಚಿಕೊಳ್ಳುವಾಗ ಮೊದಲು ಕತ್ತರಿಸಿ ಬಿಸಾಡುವುದು ಅದನ್ನೇ.

ನೇರಳಾತೀತವನ್ನು ಆರಿಸಿಕೊಂಡದ್ದರ ಹಿಂದೆಯೂ ಒಂದು ಯೋಚನೆಯಿದೆ. ಸೂರ್ಯನ ಬೆಳಕು ಬಿದ್ದ ಭೂಮಿ ಕಣ್ಣಿಗೆ ಕಾಣುವ ಬೆಳಕಿನಲ್ಲಿ ಎಷ್ಟು ಪ್ರಖರವೆಂದರೆ ಧ್ರುವಪ್ರಭೆ ಅದರಲ್ಲಿ ಮುಳುಗಿಹೋಗುತ್ತದೆ. ದೂರದ ನೇರಳಾತೀತದಲ್ಲಿ ಹಾಗಲ್ಲ. ಆ ಬೆಳಕನ್ನು ವಾಯುಮಂಡಲದ ಆಮ್ಲಜನಕವೇ ನುಂಗುವುದರಿಂದ ಕೆಳಗಿನ ನೆಲ, ಮೋಡ, ಹಿಮ ಯಾವುದೂ ಅದರಲ್ಲಿ ಕಾಣುವುದಿಲ್ಲ. ಹಗಲಿನ ಕಡೆಯ ಧ್ರುವಪ್ರಭೆಯೂ ಎದ್ದು ಕಾಣುತ್ತದೆ. ಅದೇ ಕಾರಣಕ್ಕೆ ಆ ಬೆಳಕು ನೆಲ ಮುಟ್ಟುವುದೇ ಇಲ್ಲ. ನಾರ್ವೆಯ ಬೆಟ್ಟದ ಮೇಲೆ ನೂರು ವರ್ಷ ಕಾದು ಕುಳಿತರೂ ಧ್ರುವಪ್ರಭೆಯ ಈ ಮುಖ ಯಾರಿಗೂ ಕಾಣದು. ಉಪಗ್ರಹ ಹಳೆಯ ನೋಟವೊಂದನ್ನು ಕೊಂದಿತು ಎನ್ನುವವರು, ಅದು ತಂದ ನೋಟ ಯಾರ ಬಳಿಯೂ ಇರಲೇ ಇಲ್ಲ ಎಂಬುದನ್ನು ಮರೆಯುತ್ತಾರೆ.

ಬಣ್ಣ ನಿಜವಾಗಿಯೇ ಬಣ್ಣವಾಗಿರುವ ಕಡೆಯೂ ಓದು ಬೇಕು. ಹಾನ್ಲೆಯಲ್ಲಿ ಕಂಡದ್ದು ಕೆಂಪೇ ಏಕೆ? ಧ್ರುವಪ್ರಭೆಯ ಹಸಿರು ಮತ್ತು ಕೆಂಪು ಎರಡೂ ಆಮ್ಲಜನಕದ ಪರಮಾಣುವಿನಿಂದ ಬರುತ್ತವೆ. ಹಸಿರು ಸುಮಾರು 100ರಿಂದ 150 ಕಿ.ಮೀ. ಎತ್ತರದಲ್ಲಿ, ಕೆಂಪು 200 ಕಿ.ಮೀ.ಗೂ ಮೇಲೆ. ಕೆಂಪನ್ನು ಸೂಸಬೇಕಾದ ಪರಮಾಣು ಅದಕ್ಕಾಗಿ ಒಂದೂವರೆ ನಿಮಿಷಕ್ಕೂ ಹೆಚ್ಚು ಕಾಯಬೇಕು. ಕೆಳಗಿನ ದಟ್ಟ ಗಾಳಿಯಲ್ಲಿ ಅಷ್ಟರೊಳಗೆ ಇನ್ನೊಂದು ಕಣ ಡಿಕ್ಕಿ ಹೊಡೆದು ಅದರ ಶಕ್ತಿಯನ್ನು ಕಸಿದುಬಿಡುತ್ತದೆ. ವಿರಳವಾದ ಎತ್ತರದಲ್ಲಿ ಮಾತ್ರ ಅದಕ್ಕೆ ಬೆಳಗುವ ಬಿಡುವು. ದೂರದ ಉತ್ತರದಲ್ಲಿ ಎದ್ದ ಬೆಳಕಿನ ಕೆಳಭಾಗ ಭೂಮಿಯ ಬಾಗಿನ ಹಿಂದೆ ಮರೆಯಾಗಿ, ತೀರ ಎತ್ತರದ ಕೆಂಪಷ್ಟೇ ಲಡಾಖಿನಿಂದ ಇಣುಕುತ್ತದೆ. ಅಂದರೆ ಒಂದು ಬಣ್ಣ ನೋಡಿ ಎತ್ತರವನ್ನೂ ದೂರವನ್ನೂ ಹೇಳಬಹುದು. ಇಷ್ಟು ತಿಳಿದ ಮೇಲೆ ಆ ಕೆಂಪು ಕಡಿಮೆಯಾಯಿತೇ? ನನಗಂತೂ ಹೆಚ್ಚಾಯಿತು.

ಇನ್ನು ಮೇಲಿನ ಕಣ್ಣಿನ ಚರಿತ್ರೆಗೆ ಬರುತ್ತೇನೆ. ನೆಲದ ಮೇಲೆ ನಿಂತವನಿಗೆ ಧ್ರುವಪ್ರಭೆ ಎಂದರೆ ತನ್ನ ತಲೆಯ ಮೇಲಿನ ಕೆಲವು ನೂರು ಕಿಲೋಮೀಟರಿನ ಪರದೆ. 1957–58ರ ಅಂತರರಾಷ್ಟ್ರೀಯ ಭೂಭೌತ ವರ್ಷದಲ್ಲಿ ಧ್ರುವ ಪ್ರದೇಶಗಳ ಹಲವೆಡೆ ಇಡೀ ಆಕಾಶವನ್ನು ಒಂದೇ ಚೌಕಟ್ಟಿನಲ್ಲಿ ಹಿಡಿಯುವ ಕ್ಯಾಮೆರಾಗಳನ್ನು ಇಟ್ಟರು. ಜಪಾನಿನಲ್ಲಿ ಹುಟ್ಟಿ ಅಲಾಸ್ಕಾದಲ್ಲಿ ನೆಲೆಸಿದ ಶುನಿಚಿ ಅಕಾಸೋಫು ಆ ಚಿತ್ರಗಳನ್ನು ಒಂದರ ಪಕ್ಕ ಒಂದಿಟ್ಟು ಓದಿದರು. ಒಂದು ಊರಿನಲ್ಲಿ ಪರದೆ ಒಮ್ಮೆಲೇ ಹೊತ್ತಿಕೊಂಡದ್ದು, ಇನ್ನೊಂದು ಊರಿನಲ್ಲಿ ಅದು ಧ್ರುವದ ಕಡೆ ನುಗ್ಗಿದ್ದು, ಮತ್ತೊಂದರಲ್ಲಿ ಚಿಂದಿಯಾದದ್ದು, ಇವೆಲ್ಲ ಬಿಡಿ ಘಟನೆಗಳಾಗಿರದೆ ಒಂದೇ ಕಥೆಯ ಅಧ್ಯಾಯಗಳು ಎಂದು 1964ರಲ್ಲಿ ತೋರಿಸಿದರು. ಅದಕ್ಕೆ 'ಸಬ್‌ಸ್ಟಾರ್ಮ್' ಎಂಬ ಹೆಸರು ನಿಂತಿತು. ಬೇರೆ ಬೇರೆ ಮಠಗಳಲ್ಲಿ ಸಿಕ್ಕ ಬಿಡಿ ಗರಿಗಳಿಂದ ಒಂದು ಕಾವ್ಯದ ಪಾಠ ಕಟ್ಟುವವನ ಕೆಲಸಕ್ಕೂ ಇದಕ್ಕೂ ನನಗೆ ವ್ಯತ್ಯಾಸ ಕಾಣುವುದಿಲ್ಲ.

ಆಮೇಲೆ ಬಂದವು ಉಪಗ್ರಹಗಳು. 1971ರಲ್ಲಿ ಹಾರಿದ ಕೆನಡಾದ ಐಸಿಸ್-2 ಸಾಲು ಸಾಲಾಗಿ ಗುಡಿಸಿದಂತೆ ಕೆಳಗಿನ ಬೆಳಕನ್ನು ದಾಖಲಿಸಿತು. 1981ರ ಆಗಸ್ಟ್ 3ರಂದು ಹಾರಿದ ಡೈನಮಿಕ್ಸ್ ಎಕ್ಸ್‌ಪ್ಲೋರರ್-1 ಸುಮಾರು 23 ಸಾವಿರ ಕಿ.ಮೀ. ಎತ್ತರಕ್ಕೆ ಏರಿ, ಇಡೀ ಉಂಗುರವನ್ನು ಒಂದೇ ಚೌಕಟ್ಟಿನಲ್ಲಿ ಮತ್ತೆ ಮತ್ತೆ ತೋರಿಸಿತು. ಅಯೋವಾ ವಿಶ್ವವಿದ್ಯಾಲಯದ ಲೂಯಿ ಫ್ರ್ಯಾಂಕ್ ತಂಡ ಮಾಡಿದ ಕ್ಯಾಮೆರಾ ಅದು. ಉಪಗ್ರಹ ತನ್ನ ಸುತ್ತ ತಾನು ತಿರುಗುತ್ತ ಒಂದೊಂದು ಸುತ್ತಿಗೆ ಒಂದೊಂದು ಗೆರೆ ಬರೆಯುತ್ತಿತ್ತು. ಒಂದು ಪೂರ್ಣ ಚಿತ್ರಕ್ಕೆ ಸುಮಾರು 12 ನಿಮಿಷ. ಆದ್ದರಿಂದ ಆ ಚಿತ್ರದ ಮೇಲಂಚು ಮತ್ತು ಕೆಳಅಂಚು ಒಂದೇ ಕ್ಷಣದವಲ್ಲ. ಅದನ್ನು ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ನಿಜವಾಗಿಯೇ ಓದಬೇಕು.

ಆ ಚಿತ್ರಗಳಲ್ಲಿ ಒಂದು ಅನಿರೀಕ್ಷಿತ ಆಕಾರ ಸಿಕ್ಕಿತು. ಕೆಲವೊಮ್ಮೆ ಉಂಗುರದ ಒಂದು ಬದಿಯಿಂದ ಇನ್ನೊಂದು ಬದಿಗೆ, ಧ್ರುವದ ಮೇಲೆ ಹಾಯ್ದು, ಬೆಳಕಿನ ಒಂದು ಅಡ್ಡಪಟ್ಟಿ ಇರುತ್ತಿತ್ತು. ಒಟ್ಟಾರೆ ಗ್ರೀಕ್ ಅಕ್ಷರ ಥೀಟಾದ ಹಾಗೆ. ಧ್ರುವದ ಬಳಿ ಬೆಳಕಿನ ಎಳೆಗಳು ಕಾಣುತ್ತವೆ ಎಂಬುದು ನೆಲದ ಮೇಲಿದ್ದವರಿಗೆ ಗೊತ್ತಿತ್ತು. ಆ ಎಳೆ ಇಡೀ ಅಕ್ಷರದ ಒಂದು ಗೀಟು ಎಂಬುದು ಮೇಲೆ ಹೋಗಿ ನೋಡುವ ತನಕ ಗೊತ್ತಾಗುವಂತಿರಲಿಲ್ಲ.

ಉಪಕರಣ ಬಂದು ಕಲ್ಪನೆಯನ್ನು ಕೊಲ್ಲುತ್ತದೆ ಎನ್ನುವವರಿಗೆ ನಾರ್ವೆಯ ಕ್ರಿಸ್ಟಿಯಾನ್ ಬರ್ಕಲ್ಯಾಂಡ್ ಕಥೆಯನ್ನು ಹೇಳಬೇಕು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆತ ಗಾಳಿ ತೆಗೆದ ಪೆಟ್ಟಿಗೆಯೊಳಗೆ ಕಾಂತದ ಗೋಳವೊಂದನ್ನಿಟ್ಟು, ಎಲೆಕ್ಟ್ರಾನುಗಳನ್ನು ಹಾಯಿಸಿ, ಗೋಳದ ಧ್ರುವಗಳ ಸುತ್ತ ಪುಟ್ಟ ಧ್ರುವಪ್ರಭೆ ಎಬ್ಬಿಸಿ ತೋರಿಸಿದ. ಬಾಹ್ಯಾಕಾಶದಿಂದ ವಿದ್ಯುತ್ತು ಭೂಮಿಯ ಕಾಂತರೇಖೆಗಳ ಗುಂಟ ಇಳಿದು ಬಂದು ಹೋಗುತ್ತದೆ ಎಂದು ಊಹಿಸಿದ. ಸಿಡ್ನಿ ಚಾಪ್‌ಮನ್‌ರಂಥ ದೊಡ್ಡ ಗಣಿತಜ್ಞರು ಒಪ್ಪಲಿಲ್ಲ. ವಿದ್ಯುತ್ತು ಮೇಲಿನ ವಾಯುಮಂಡಲದೊಳಗೇ ಸುತ್ತುತ್ತದೆ, ಆಚೆಯಿಂದ ಬರುವುದಿಲ್ಲ ಎಂಬ ಅವರ ಮತವೇ ದಶಕಗಳ ಕಾಲ ನಡೆಯಿತು. ನೆಲದ ಮೇಲಿನ ಅಳತೆಗಳಿಂದ ಇಬ್ಬರಲ್ಲಿ ಯಾರು ಸರಿ ಎಂದು ತೀರ್ಮಾನಿಸಲು ಸಾಧ್ಯವೇ ಇರಲಿಲ್ಲ. ಬರ್ಕಲ್ಯಾಂಡ್ 1917ರಲ್ಲಿ ಟೋಕಿಯೊದಲ್ಲಿ ತೀರಿಕೊಂಡ. 1960ರ ದಶಕದಲ್ಲಿ ಅಮೆರಿಕದ ನೌಕಾಪಡೆಯ ಉಪಗ್ರಹವೊಂದು ಧ್ರುವಪ್ರಭೆಯ ವಲಯದ ಮೇಲೆ ಹಾದುಹೋಗುವಾಗ ಕಾಂತಕ್ಷೇತ್ರದಲ್ಲಿ ಏರುಪೇರು ದಾಖಲಿಸಿತು. ಆತ ಊಹಿಸಿದ ವಿದ್ಯುತ್ತಿನ ಗುರುತು ಅದು. ಈಗ ಆ ಪ್ರವಾಹಗಳಿಗೆ ಅವನದೇ ಹೆಸರು. ಕಲ್ಪನೆಯನ್ನು ಅರ್ಧ ಶತಮಾನ ಮೂಲೆಗೆ ಕೂರಿಸಿದ್ದು ಪಂಡಿತರ ಮತ. ಅದನ್ನು ಮತ್ತೆ ಎಬ್ಬಿಸಿ ತಂದದ್ದು ಉಪಗ್ರಹ.

ಇಷ್ಟು ಹೇಳಿ ನಿಲ್ಲಿಸಿದರೆ ನಾನೂ ಕೈಮುಗಿಯುವವರ ಸಾಲಿಗೆ ಸೇರಿದಂತೆ. ಉಪಗ್ರಹದ ಚಿತ್ರ ದಾರಿ ತಪ್ಪಿಸಬಲ್ಲದು. ಅದರ ಅತಿ ಒಳ್ಳೆಯ ಉದಾಹರಣೆ ಅದೇ ಲೂಯಿ ಫ್ರ್ಯಾಂಕ್, ಅದೇ ಕ್ಯಾಮೆರಾ. ನೇರಳಾತೀತ ಚಿತ್ರಗಳಲ್ಲಿ ಅಲ್ಲಲ್ಲಿ ಪುಟ್ಟ ಕಪ್ಪು ಚುಕ್ಕೆಗಳಿದ್ದವು. 1986ರಲ್ಲಿ ಆತ ಮತ್ತು ಸಂಗಡಿಗರು ಅವಕ್ಕೊಂದು ಅರ್ಥ ಹೇಳಿದರು: ಮನೆಯಷ್ಟು ದೊಡ್ಡ ಹಿಮದ ಧೂಮಕೇತುಗಳು ನಿಮಿಷಕ್ಕೆ ಸುಮಾರು ಇಪ್ಪತ್ತರಂತೆ ಭೂಮಿಗೆ ಬೀಳುತ್ತಿವೆ, ಅವುಗಳ ನೀರಾವಿ ಹಿಂದಿನ ಬೆಳಕನ್ನು ಮರೆಮಾಡುವುದರಿಂದ ಚುಕ್ಕೆ ಕಪ್ಪಾಗಿ ಕಾಣುತ್ತದೆ, ನಮ್ಮ ಸಮುದ್ರಗಳ ನೀರೂ ಹೀಗೆಯೇ ಬಂದಿರಬಹುದು. ಎಂಥ ಕಥೆ! ಬೆರಗಿಗೆ ಇದಕ್ಕಿಂತ ಏನು ಬೇಕು? ಆದರೆ ಇತರ ವಿಜ್ಞಾನಿಗಳು ಬೆರಗಾಗಿ ಕೂರಲಿಲ್ಲ, ಓದಿದರು. ಚುಕ್ಕೆ ನಿಜವಾದ ವಸ್ತುವಾಗಿದ್ದರೆ ಉಪಗ್ರಹ ಹತ್ತಿರ ಬಂದಾಗ ದೊಡ್ಡದಾಗಿಯೂ ದೂರ ಹೋದಾಗ ಚಿಕ್ಕದಾಗಿಯೂ ಕಾಣಬೇಕಲ್ಲ? ಹಾಗೆ ಬದಲಾಗುತ್ತಿರಲಿಲ್ಲ. 1996ರಲ್ಲಿ ಹಾರಿದ 'ಪೋಲಾರ್' ಉಪಗ್ರಹದ ಚಿತ್ರಗಳನ್ನು ಮುಂದಿಟ್ಟು ಫ್ರ್ಯಾಂಕ್ ಮತ್ತೆ ವಾದಿಸಿದಾಗ, ಅದೇ ಉಪಗ್ರಹದ ಇನ್ನೊಂದು ಕ್ಯಾಮೆರಾದ ತಂಡ ತನ್ನ ಉಪಕರಣದ ಪ್ರಯೋಗಾಲಯದ ಚಿತ್ರಗಳಲ್ಲೂ ಅಂಥ ಚುಕ್ಕೆಗಳಿದ್ದದ್ದನ್ನು ತೋರಿಸಿತು. ಹಾರುವ ಮೊದಲು, ಧೂಮಕೇತುವಿನ ಮಾತೇ ಇಲ್ಲದ ಕೋಣೆಯಲ್ಲಿ! ಚುಕ್ಕೆ ಉಪಕರಣದ ಗದ್ದಲ ಎಂಬ ತೀರ್ಮಾನಕ್ಕೆ ವಿಜ್ಞಾನ ಲೋಕ ಬಹುಮಟ್ಟಿಗೆ ಬಂತು.

ಥೀಟಾ ಕಂಡದ್ದೂ ಚುಕ್ಕೆ ಕಂಡದ್ದೂ ಒಂದೇ ಕಣ್ಣು. ಒಂದು ಕಾವ್ಯದ ಸಾಲು, ಇನ್ನೊಂದು ಲಿಪಿಕಾರನ ಶಾಯಿ ಚೆಲ್ಲಿದ ಕಲೆ. ಎರಡನ್ನೂ ಬೇರೆ ಮಾಡಿದ್ದು ಓದು. ಚಿತ್ರಕ್ಕೆ ಕೈಮುಗಿಯುವವರಿಗೆ ಈ ವ್ಯತ್ಯಾಸ ತಿಳಿಯುವುದಿಲ್ಲ. ಮುಖ ತಿರುಗಿಸುವವರಿಗೆ ಥೀಟಾದ ಸುಖವೂ ಸಿಗುವುದಿಲ್ಲ.

ಈಗ ಆ ಹಿರಿಯರ ವಾದದಲ್ಲಿ ಗಟ್ಟಿಯಾದ ಭಾಗಕ್ಕೆ ಬರುತ್ತೇನೆ. ಮೇಲಿನ ಕಣ್ಣು ಕೆಳಗಿನವರ ಅರಿವನ್ನು ಅಳಿಸುತ್ತದೆ ಎಂಬುದು. ಇದು ಹಗುರವಾದ ಆರೋಪವಲ್ಲ. ಫಿನ್ನಿಷ್ ಭಾಷೆಯಲ್ಲಿ ಧ್ರುವಪ್ರಭೆಯ ಹೆಸರಿಗೆ ನರಿಯ ಬೆಂಕಿ ಎಂಬ ಅರ್ಥವಿದೆ. ಸಾಮಿ ಜನರಿಗೆ ಅದು ಕಿವಿಗೆ ಕೇಳಿಸುವ ಬೆಳಕು. ಸತ್ತವರು ಆ ಬೆಳಕಿನಲ್ಲಿ ವಾಲ್ರಸ್ ತಲೆಬುರುಡೆಯನ್ನು ಚೆಂಡಾಗಿಸಿ ಆಡುತ್ತಾರೆ ಎಂಬುದು ಇನೂಯಿಟ್ ಜನರ ನಂಬಿಕೆ. ಉಪಗ್ರಹ ಇದನ್ನೆಲ್ಲ ಅಳಿಸಿತೇ? ಧ್ರುವಪ್ರಭೆಯ ಈಚಿನ ಚರಿತ್ರೆ ಬೇರೆಯದನ್ನೇ ಹೇಳುತ್ತದೆ. ಕೆನಡಾದ ಆಲ್ಬರ್ಟಾದಲ್ಲಿ ರಾತ್ರಿಯಿಡೀ ಕ್ಯಾಮೆರಾ ಹಿಡಿದು ಅಲೆಯುವ ಹವ್ಯಾಸಿಗಳ ಗುಂಪೊಂದು, ಮಾಮೂಲಿ ವಲಯಕ್ಕಿಂತ ದಕ್ಷಿಣಕ್ಕೆ, ಪೂರ್ವದಿಂದ ಪಶ್ಚಿಮಕ್ಕೆ ಎಳೆದ ನೇರಳೆ ಬಣ್ಣದ ತೆಳು ನಾರೊಂದನ್ನು ಕಂಡಿತ್ತು. ವಿಜ್ಞಾನಿಗಳ ಬಳಿ ಅದಕ್ಕೆ ಹೆಸರಿರಲಿಲ್ಲ. ಮಕ್ಕಳ ಸಿನಿಮಾ ಒಂದರಲ್ಲಿ ಪ್ರಾಣಿಗಳು ಗೊತ್ತಿಲ್ಲದ ವಸ್ತುವಿಗೆ ಇಟ್ಟ ಹೆಸರನ್ನೇ ಆ ಹವ್ಯಾಸಿಗಳು ಇದಕ್ಕಿಟ್ಟರು: ಸ್ಟೀವ್. ಆಮೇಲೆ ಯುರೋಪಿನ 'ಸ್ವಾರ್ಮ್' ಉಪಗ್ರಹಗಳಲ್ಲೊಂದು ಆ ನಾರಿನೊಳಗೇ ಹಾದುಹೋಗಿದ್ದು ಪತ್ತೆಯಾಯಿತು. ಸುಮಾರು 25 ಕಿ.ಮೀ. ಅಗಲದ, ಸೆಕೆಂಡಿಗೆ ಸುಮಾರು 6 ಕಿ.ಮೀ. ವೇಗದಲ್ಲಿ ಹರಿಯುವ ಬಿಸಿ ಅನಿಲದ ಹೊಳೆ ಅದು. 2018ರಲ್ಲಿ ಪ್ರಕಟವಾದ ಸಂಶೋಧನಾ ಲೇಖನ ಹವ್ಯಾಸಿಗಳು ಇಟ್ಟ ಹೆಸರನ್ನೇ ಉಳಿಸಿಕೊಂಡಿತು.

ಮೊದಲು ಕಂಡವರು ಕೆಳಗಿನವರು. ಹೆಸರಿಟ್ಟವರೂ ಅವರೇ. 2007ರಲ್ಲಿ ಹಾರಿದ 'ಥೀಮಿಸ್' ಯೋಜನೆ ಐದು ಉಪಗ್ರಹಗಳ ಜೊತೆಗೆ ಕೆನಡಾ, ಅಲಾಸ್ಕಾಗಳ ನೆಲದ ಮೇಲೆ ಇಪ್ಪತ್ತು ವೀಕ್ಷಣಾ ಕೇಂದ್ರಗಳನ್ನು ಇಟ್ಟುಕೊಂಡದ್ದು ಏಕೆ? ಅಕಾಸೋಫು ಕಂಡ ಸಬ್‌ಸ್ಟಾರ್ಮ್ ಎಲ್ಲಿಂದ ಶುರುವಾಗುತ್ತದೆ ಎಂಬ ಪ್ರಶ್ನೆ ಒಂದೇ ಕಡೆಯಿಂದ ನೋಡಿದರೆ ಬಗೆಹರಿಯುತ್ತಿರಲಿಲ್ಲ. ಮೇಲೆ, ಕೆಳಗೆ ಎಂಬ ಜಗಳವನ್ನು ಕಟ್ಟಿದ್ದು ಸಂಕಿರಣಗಳು. ಕೆಲಸ ಮಾಡುವವರು ಎರಡನ್ನೂ ಬಳಸುತ್ತಿದ್ದಾರೆ.

ಇಷ್ಟಾದ ಮೇಲೂ ಇದೆಲ್ಲ ವಿಜ್ಞಾನಿಗಳ ಮನೆಯ ವಿಷಯ, ಓದುಗರಿಗೇನು ಎಂದು ಕೇಳಬಹುದು. ಒಂದು ಸಂಗತಿ ಹೇಳುತ್ತೇನೆ. 2000ದ ಮಾರ್ಚ್ 25ರಂದು ಹಾರಿದ ಇಮೇಜ್ ಉಪಗ್ರಹ 45 ಸಾವಿರ ಕಿ.ಮೀ.ಗೂ ಹೆಚ್ಚು ಎತ್ತರದಿಂದ, ಎರಡು ನಿಮಿಷಕ್ಕೊಂದರಂತೆ, ಗಂಟೆಗಟ್ಟಲೆ ಇಡೀ ಉಂಗುರದ ಚಿತ್ರ ತೆಗೆಯಬಲ್ಲದಾಗಿತ್ತು. 2005ರ ಡಿಸೆಂಬರಿನಲ್ಲಿ ಅದು ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿತು. ನಾವು ಇಂದಿಗೂ ಹಂಚಿಕೊಳ್ಳುವ ಆ ಪ್ರಸಿದ್ಧ ಚಿತ್ರ ತೆಗೆದ ಸುಮಾರು ಮೂರು ತಿಂಗಳ ಬಳಿಕ. ಪೋಲಾರ್ ಉಪಗ್ರಹದ ಕೆಲಸ 2008ರಲ್ಲಿ ಮುಗಿಯಿತು. 2018ರ ಜನವರಿಯಲ್ಲಿ ಸ್ಕಾಟ್ ಟಿಲ್ಲಿ ಎಂಬ ಕೆನಡಾದ ಹವ್ಯಾಸಿ ಬೇರೊಂದು ರಹಸ್ಯ ಉಪಗ್ರಹವನ್ನು ಹುಡುಕುತ್ತ ರೇಡಿಯೊ ಸಂಕೇತವೊಂದನ್ನು ಹಿಡಿದರು. ಅದು ಇಮೇಜ್! ಸತ್ತಿತೆಂದು ಬಿಟ್ಟುಬಿಟ್ಟ ಉಪಗ್ರಹ ತನ್ನಷ್ಟಕ್ಕೆ ಎದ್ದು ಕರೆಯುತ್ತಿತ್ತು. ನಾಸಾ ಅದನ್ನು ಖಚಿತಪಡಿಸಿತು. ಆದರೆ ಅದನ್ನು ಮತ್ತೆ ಕೆಲಸಕ್ಕೆ ಹಚ್ಚಲು ಆಗಲಿಲ್ಲ.

ಈ ನಡುವಿನ ವರ್ಷಗಳಲ್ಲಿ ಧ್ರುವಪ್ರಭೆಯ ಚಿತ್ರಗಳು ಕಡಿಮೆಯಾದವೇ? ಜಗತ್ತಿನಲ್ಲಿ ಹಿಂದೆಂದೂ ಇಲ್ಲದಷ್ಟು ಹೆಚ್ಚಾದವು. ಕೈಗೊಂದು ಫೋನು, ಚಿತ್ರಕ್ಕೊಂದು ಉದ್ಗಾರ. 2024ರ ಮೇ ತಿಂಗಳ ಬಿರುಗಾಳಿ ಮನುಷ್ಯರು ಅತಿ ಹೆಚ್ಚು ಚಿತ್ರ ತೆಗೆದ ಧ್ರುವಪ್ರಭೆಗಳಲ್ಲಿ ಒಂದಾಗಿರಲೇಬೇಕು. ಆದರೆ ಕೆಳಕಕ್ಷೆಯ ಉಪಗ್ರಹಗಳು ಪಟ್ಟೆ ಪಟ್ಟೆಯಾಗಿ ಕಂಡದ್ದು ಬಿಟ್ಟರೆ, ಇಮೇಜ್ ನೋಡುತ್ತಿದ್ದಂತೆ ಧ್ರುವದ ಮೇಲೆ ಅಷ್ಟು ಎತ್ತರದಲ್ಲಿ ನಿಂತು, ಇಡೀ ಉಂಗುರವನ್ನು ಬಿಡದೆ ನೋಡುವ ನೇರಳಾತೀತ ಕಣ್ಣು ಆ ರಾತ್ರಿ ಇರಲಿಲ್ಲ. ನಮ್ಮ ಗುಂಪುಗಳಲ್ಲಿ ಓಡಾಡಿದ ಪೂರ್ಣ ಉಂಗುರದ ಚಿತ್ರ ಹತ್ತೊಂಬತ್ತು ವರ್ಷ ಹಳೆಯದು. ಚಿತ್ರಗಳ ಆ ಪ್ರವಾಹದಲ್ಲಿ ಒಂದು ಕಣ್ಣು ಮುಚ್ಚಿಹೋಗಿದ್ದು ನಮಗೆ ಗೊತ್ತಾಗಲಿಲ್ಲ. ಓದುವ ಅಭ್ಯಾಸ ಇದ್ದಿದ್ದರೆ ದಿನಾಂಕ ನೋಡುತ್ತಿದ್ದೆವು, ಇತ್ತೀಚಿನದು ಏಕಿಲ್ಲ ಎಂದು ಕೇಳುತ್ತಿದ್ದೆವು. ನನಗೆ ಸಿಟ್ಟು ಬರಿಸುವುದು ಇದು. ಯಾವ ಕಣ್ಣನ್ನು ತೆರೆದಿಡಬೇಕು, ಯಾವುದಕ್ಕೆ ಹಣ ಕೊಡಬೇಕು ಎಂಬುದು ಕೊನೆಗೆ ಸಾರ್ವಜನಿಕರು ಯಾವುದರ ಬಗ್ಗೆ ಪ್ರಶ್ನೆ ಕೇಳುತ್ತಾರೆ ಎಂಬುದನ್ನೂ ಅವಲಂಬಿಸಿದೆ. ಬರೀ ಬೆರಗಾಗುವವರಿಗೆ ಹಳೆಯ ಚಿತ್ರವೇ ಸಾಕು.

ಆ ಕಣ್ಣು ಬೇಕಾದದ್ದು ಚೆಂದಕ್ಕಲ್ಲ. ಉಂಗುರ ಎಷ್ಟು ಹಿಗ್ಗಿದೆ, ಎಲ್ಲಿ ಹೊತ್ತಿಕೊಂಡಿದೆ ಎಂಬುದು ಬಾಹ್ಯಾಕಾಶದಿಂದ ಎಷ್ಟು ಶಕ್ತಿ, ಎಲ್ಲಿ ಇಳಿಯುತ್ತಿದೆ ಎಂಬುದರ ನಕ್ಷೆ. 1989ರ ಮಾರ್ಚ್ 13ರಂದು ಇಂಥ ಬಿರುಗಾಳಿಯೊಂದು ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಿದ್ಯುತ್ ಜಾಲವನ್ನು ಕೆಡವಿತು. ಸುಮಾರು 60 ಲಕ್ಷ ಜನ ಗಂಟೆಗಟ್ಟಲೆ ಕತ್ತಲಲ್ಲಿದ್ದರು. 2022ರ ಫೆಬ್ರವರಿಯಲ್ಲಿ ಸಾಧಾರಣ ಬಿರುಗಾಳಿಯೊಂದು ಮೇಲಿನ ಗಾಳಿಯನ್ನು ಬಿಸಿ ಮಾಡಿ ಉಬ್ಬಿಸಿದಾಗ, ಆಗಷ್ಟೇ ಹಾರಿದ 49 ಸ್ಟಾರ್‌ಲಿಂಕ್ ಉಪಗ್ರಹಗಳಲ್ಲಿ ಹೆಚ್ಚಿನವು ಕಕ್ಷೆಗೆ ಏರಲಾಗದೆ ಬಿದ್ದು ಉರಿದುಹೋದವು.

ಅದು ಧ್ರುವದ ಮಾತು, ನಾವು ಸಮಭಾಜಕದ ಹತ್ತಿರದವರು ಎಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ. 1859ರ ಸೆಪ್ಟೆಂಬರಿನ ಮಹಾ ಬಿರುಗಾಳಿಯಲ್ಲಿ ಮುಂಬಯಿಯ ಕೊಲಾಬಾ ವೀಕ್ಷಣಾಲಯದ ಕಾಂತಮಾಪಕ ಸುಮಾರು 1,600 ನ್ಯಾನೊಟೆಸ್ಲಾದಷ್ಟು ಕುಸಿತವನ್ನು ದಾಖಲಿಸಿತ್ತು. ಇಂದಿಗೂ ಆ ಬಿರುಗಾಳಿಯನ್ನು ಅಧ್ಯಯನ ಮಾಡುವವರು ನೋಡುವ ಮುಖ್ಯ ದಾಖಲೆಗಳಲ್ಲಿ ಅದೊಂದು. 1872ರ ಫೆಬ್ರವರಿಯಲ್ಲಿ ಮುಂಬಯಿಯಲ್ಲೇ ಧ್ರುವಪ್ರಭೆ ಕಂಡ ವರದಿಯಿದೆ. ಇವತ್ತು ನಮ್ಮ ದೇಶದ ಭೂಸ್ಥಿರ ಉಪಗ್ರಹಗಳನ್ನು ನೋಡಿಕೊಳ್ಳುವ ಕೇಂದ್ರ ಹಾಸನದಲ್ಲಿದೆ. ಸೂರ್ಯನ ಕಡೆಗೆ ಸುಮಾರು 15 ಲಕ್ಷ ಕಿ.ಮೀ. ದೂರದಲ್ಲಿದ್ದುಕೊಂಡು ಸೌರ ಮಾರುತವನ್ನು ಅಳೆಯುವ ಆದಿತ್ಯ-ಎಲ್1 ನೌಕೆಯೊಂದಿಗೆ ಮಾತಾಡುವವರು ಬೆಂಗಳೂರಿನಲ್ಲಿದ್ದಾರೆ. ಸೂರ್ಯನಿಂದ ಹೊರಟದ್ದನ್ನು ಆದಿತ್ಯ ಹೇಳಬಲ್ಲದು. ಅದು ಭೂಮಿಗೆ ಬಂದು ಏನು ಮಾಡಿತು ಎಂಬುದರ ದೊಡ್ಡ ಸಹಿ ಧ್ರುವಪ್ರಭೆಯ ಉಂಗುರ. ಈ ಕಥೆಯ ಮೊದಲ ಪುಟ ನಮ್ಮ ಊರಿನಲ್ಲೇ ಬರೆಯಲಾಗುತ್ತಿರುವಾಗ ಕೊನೆಯ ಪುಟ ಓದಲು ನಾವೇಕೆ ಹಿಂಜರಿಯಬೇಕು?

ಕನ್ನಡಕ್ಕೆ ಇದು ಹೊಸ ಕೆಲಸವೂ ಅಲ್ಲ. ಕಾದಂಬರಿಗಳ ನಡುವೆಯೇ ಕಾರಂತರು ಬಾಲಪ್ರಪಂಚ, ವಿಜ್ಞಾನ ಪ್ರಪಂಚಗಳ ದಪ್ಪ ಸಂಪುಟಗಳನ್ನು ಒಬ್ಬರೇ ಕುಳಿತು ಬರೆದರು. ಬಿ.ಜಿ.ಎಲ್. ಸ್ವಾಮಿ ಗಿಡಮರಗಳನ್ನು ಸಸ್ಯವಿಜ್ಞಾನಿಯ ಕಣ್ಣಿನಲ್ಲೇ ನೋಡಿ ನಮ್ಮನ್ನು ನಗಿಸಿದರು. ತೇಜಸ್ವಿ ಹಕ್ಕಿಯೊಂದರ ಚಿತ್ರಕ್ಕಾಗಿ ಕ್ಯಾಮೆರಾ ಹಿಡಿದು ಕಾದವರು, ಆ ಹಕ್ಕಿಯ ಬಗ್ಗೆ ತಿಳಿದು ಬರೆದವರು. ತಿಳಿದುಕೊಂಡರೆ ರಸ ಬತ್ತುತ್ತದೆ ಎಂಬ ಭಯ ಇವರಲ್ಲಿ ಯಾರಿಗೂ ಇರಲಿಲ್ಲ. ಆ ಭಯ ನಮ್ಮ ಕಾಲದ ಸಂಪಾದನೆ.

ವಿದ್ಯಾರ್ಥಿಗಳಿಗೆ ನನ್ನದೊಂದು ನೇರ ಕೋರಿಕೆ. ಮುಂದಿನ ಬಿರುಗಾಳಿ ಬಂದಾಗ, ಅದು ಬಂದೇ ಬರುತ್ತದೆ, ನಿಮ್ಮ ಫೋನಿಗೊಂದು ಉಂಗುರದ ಚಿತ್ರ ಬೀಳುತ್ತದೆ. ಮುಂದಕ್ಕೆ ಕಳಿಸುವ ಮೊದಲು ಐದು ಪ್ರಶ್ನೆ ಕೇಳಿ. ಯಾವ ಉಪಗ್ರಹ? ಯಾವ ದಿನ? ಯಾವ ಬೆಳಕು? ಬಣ್ಣ ಕೊಟ್ಟವರು ಯಾರು, ಯಾವುದಕ್ಕೆ? ಒಂದು ಚಿತ್ರಕ್ಕೆ ಎಷ್ಟು ಹೊತ್ತು ಹಿಡಿಯಿತು? ಉತ್ತರ ಸಿಕ್ಕರೆ ಚಿತ್ರದ ಕೆಳಗೆ ಕನ್ನಡದಲ್ಲಿ ಎರಡು ಸಾಲು ಬರೆದು ಕಳಿಸಿ. ಸಿಗದಿದ್ದರೆ ಕಳಿಸಬೇಡಿ. ಅಧ್ಯಾಪಕರಿಗೆ ಇನ್ನೊಂದು: ಒಂದು ಸೆಮಿಸ್ಟರಿನಲ್ಲಿ ಒಂದೇ ಒಂದು ತರಗತಿ, ಒಂದು ಪದ್ಯದ ಪಕ್ಕದಲ್ಲಿ ಇಂಥ ಒಂದು ಚಿತ್ರವನ್ನಿಟ್ಟು, ಎರಡನ್ನೂ ಒಂದೇ ಶಿಸ್ತಿನಿಂದ ಓದಿಸಿ. ಪತ್ರಿಕೆ, ಜಾಲತಾಣಗಳ ಸಂಪಾದಕರಿಗೆ ಮೂರನೆಯದು: 'ನಾಸಾ ಬಿಡುಗಡೆ ಮಾಡಿದ ಚಿತ್ರ' ಎಂಬ ಶೀರ್ಷಿಕೆ ಶೀರ್ಷಿಕೆಯೇ ಅಲ್ಲ, ದಯವಿಟ್ಟು ಅದನ್ನು ಕೈಬಿಡಿ. ಇಷ್ಟಾದ ಮೇಲೆ ಯಾರಾದರೂ ಬೆರಗು ಎಂಬ ಪದ ಬಳಸಿದರೆ ನನ್ನ ತಕರಾರಿಲ್ಲ.